ಐವತ್ತು ವಾಟ್

ಪರವಾನಗಿ ಕಾಗದದಲ್ಲಿ ಬರೆದಿದೆ:
ಸುದ್ದಿ ಓದಕೂಡದು.
ಹಾಗಾಗಿ ನಾವು ಓದುತ್ತೇವೆ
ಬಂಗಡೆಯ ದರ, ಭರತದ ಹೊತ್ತು,
ರೇಶನ್ ಅಕ್ಕಿ ಯಾವ ವಾರ,
ಕಳೆದುಹೋದ ಪಾಸ್ಕೂನ ಆಡಿಗೆ ಕಿವಿಯಲ್ಲಿ ಎಂಥ ಗುರುತು.

ತೆಂಕಬೇಲೆಯ ಹಳೇ ಐಸ್ ಫ್ಯಾಕ್ಟರಿಯ ಅಟ್ಟ.
ಗೋಡೆಗೆ ಮೊಟ್ಟೆಯ ಟ್ರೇ, ಬಾಗಿಲಿಗೆ ಗೋಣಿ,
ಎಷ್ಟು ತೊಳೆದರೂ ಮೂಲೆಯಲ್ಲಿ ಒಣಮೀನಿನ ವಾಸನೆ.
ಐವತ್ತು ವಾಟ್. ಕಂಬವೂ ಎತ್ತರವಿಲ್ಲ.
ಮಾತು ಬಡಗಕ್ಕೆ ಹೊಳೆ ದಾಟುತ್ತದೆ,
ತೆಂಕಕ್ಕೆ ಗುಡ್ಡಕ್ಕೆ ಬಡಿದು ನಿಲ್ಲುತ್ತದೆ,
ಪಡುವಣಕ್ಕೆ ಮಾತ್ರ ತಡೆಯುವವರಿಲ್ಲ.
ದೇವಗಡದ ದೀಪದಾಚೆಗೂ
ಜುಲೇಖಾಳ ಕೆಮ್ಮು ಕೇಳಿಸುತ್ತದಂತೆ,
ದೋಣಿಯವರು ನಗುತ್ತಾರೆ.

ನಾನು ಗುಂಡಿ ಒತ್ತುವವನು.
ಮೊದಲು ಮೈಕ್‌ಸೆಟ್ಟಿನವ.
ಮದುವೆಗೂ ನಾನೇ, ಉರೂಸಿಗೂ ನಾನೇ, ಫೆಸ್ತಿಗೂ ನಾನೇ.
ಚುನಾವಣೆ ಬಂದರೆ ಬೆಳಿಗ್ಗೆ ಒಬ್ಬನಿಗೆ,
ಸಂಜೆ ಅವನ ಎದುರಾಳಿಗೆ
ಅದೇ ಭೋಂಗಾ ಕಟ್ಟಿಕೊಟ್ಟವನು.
ತಂತಿಗೆ ಜಾತಿಯಿಲ್ಲ ಮಾರಾಯಾ, ಅನ್ನುತ್ತಿದ್ದೆ.

ಆ ಶನಿವಾರ, ಮೂರುದಾರಿ ಕೂಡುವಲ್ಲಿ,
ನಾಲ್ಕು ಭೋಂಗಾ, ಒಂದು ಆಂಪ್ಲಿಫೈಯರ್, ಬಾಡಿಗೆ ಆರುನೂರು.
ಮಾತಾಡಿದವನು ಊರವನಲ್ಲ.
ದನಿ ಕೀರಲಾಗಿ ಒಡೆಯುತ್ತಿತ್ತು;
ಟ್ರೆಬಲ್ ಇಳಿಸಿ, ಬೇಸ್ ಏರಿಸಿ, ಸರಿಮಾಡಿಕೊಟ್ಟೆ.
ಚೆನ್ನಾಗಿ ಕೇಳಿಸಬೇಕಲ್ಲ.
ಚೆನ್ನಾಗಿ ಕೇಳಿಸಿತು.
ರಾತ್ರಿ ಹೊಳೆಯ ಎರಡೂ ದಡದಲ್ಲಿ ದೋಣಿ ಉರಿದವು.
ನೈಲಾನ್ ಬಲೆ ಉರಿದರೆ ಕರಗಿ ತೊಟ್ಟಿಕ್ಕುತ್ತದೆ,
ನೀರಿನ ಮೇಲೂ ಸ್ವಲ್ಪ ಹೊತ್ತು ಉರಿಯುತ್ತದೆ.
ಹನ್ನೊಂದು ದೋಣಿ. ಮೂರು ಹೆಣ.
ಪೊಲೀಸರು ಕೇಳಿದ್ದು ಭಾಷಣದವನ ಹೆಸರು.
ನನ್ನದನ್ನು ಯಾರೂ ಕೇಳಲಿಲ್ಲ.

ಎರಡು ವರ್ಷ, ಆಚೆ ದಡದವರು
ಬೇರೆ ಧಕ್ಕೆಯಲ್ಲಿ ಮೀನು ಇಳಿಸಿದರು.
ಹೊಳೆ ದಾಟುತ್ತಿದ್ದದ್ದು ಗಾಳಿಮಾತು ಮಾತ್ರ.

ಒಂದು ರಾತ್ರಿ ಫೋನಿಂದ ಫೋನಿಗೆ ಹಾರಿತು:
ಸೇತುವೆ ಮೇಲೆ ಕತ್ತಿ, ರಕ್ತ, ಇಬ್ಬರು ಹೋದರು.
ಜುಲೇಖಾ, ಹೊನ್ನಿ ಸ್ಕೂಟರ್ ಹತ್ತಿ ನೋಡಿ ಬಂದರು:
ಕೆಟ್ಟುನಿಂತ ಟೆಂಪೋ, ಸೋರಿದ ಆಯಿಲ್, ಒಂದು ನಾಯಿ.
ಹೇಳಿದರೆ ಸುದ್ದಿಯಾಗುತ್ತದಲ್ಲ, ಅಂದೆ, ಕಾಗದ ತೋರಿಸಿ.
ಹೊನ್ನಿ ಅಂದಳು:
ಎಂತದೂ ಆಗ್ಲಿಲ್ಲ ಅಂದ್ರೆ ಅದ್ಯಾವ ಸುದ್ದಿ?

ನಡುರಾತ್ರಿಯವರೆಗೂ ಹೇಳಿದೆವು,
ಕನ್ನಡದಲ್ಲಿ, ಕೊಂಕಣಿಯಲ್ಲಿ, ಉರ್ದುವಿನಲ್ಲಿ:
ಏನೂ ಆಗಿಲ್ಲ.
ನಾಯಿಯ ಬಣ್ಣ ಕಂದು.
ಟೆಂಪೋ ಶಿರಸಿ ಕಡೆಯದು, ಒಳಗೆ ಬಾಳೆಗೊನೆ.
ಏನೂ ಆಗಿಲ್ಲ.
ಒಂದೊಂದೇ ಮನೆಯ ದೀಪ ಆರಿತು.
ಜನ ಮಲಗಿದರು, ನಾಯಿಯ ಬಣ್ಣ ಗೊತ್ತಾಗಿ.

ಈಗ ಗುರುವಾರಗಳಂದು ಪಂಚಾಯತಿ ಅಧ್ಯಕ್ಷರು ಬಂದು ಕೂರಬೇಕು.
ಪರಿಹಾರದ ಪಟ್ಟಿ ಪೂರ್ತಿ ಓದಬೇಕು,
ಯಾರಿಗೆ ಎಷ್ಟು, ಯಾರಿಗೆ ಯಾಕಿಲ್ಲ.
ಹೊರಗೆ ಮೆಟ್ಟಿಲ ಮೇಲೆ ಎರಡೂ ದಡದವರು
ಕೈಯಲ್ಲಿ ಚೀಟಿ ಹಿಡಿದು ಸರದಿ ಕಾಯುತ್ತಾರೆ,
ಸರದಿಗಾಗಿ ಜಗಳವಾಡುತ್ತಾರೆ, ಬರೀ ಸರದಿಗಾಗಿ.
ಅಧ್ಯಕ್ಷರ ದನಿ ನಡುಗುತ್ತದೆ.
ನಾನು ಸರಿಮಾಡುವುದಿಲ್ಲ.

ಹೋದ ಗುರುವಾರ ಒಬ್ಬಳು ಬಂದಳು,
ಆ ಮೂವರಲ್ಲಿ ಒಬ್ಬನ ಹೆಂಡತಿ.
ಯಾವ ದಡ ಎಂದು ನಾನು ಹೇಳಲಾರೆ.
ಮೈಕಿನ ಮುಂದೆ ಕೂತಳು. ಮಾತಿಲ್ಲ.
ಮುಳ್ಳು ಸೊನ್ನೆಯಲ್ಲೇ ನಿಂತಿತು.
ಹತ್ತು ಸೆಕೆಂಡಿಗಿಂತ ಹೆಚ್ಚು ಮೌನ ಬಿಡಬಾರದು,
ತರಬೇತಿಯಲ್ಲಿ ಕಲಿಸಿದ್ದರು.
ನಾಲ್ಕು ನಿಮಿಷ ಬಿಟ್ಟೆ.
ರೇಡಿಯೋ ಕೆಟ್ಟಿತೆಂದು ಮನೆಮನೆಯಲ್ಲಿ ತಟ್ಟಿದರಂತೆ,
ಬ್ಯಾಟರಿ ತೆಗೆದು ಉಜ್ಜಿದರಂತೆ.
ಆಮೇಲೆ ಅವಳು:
ಬುಧವಾರ ಗ್ರಾಮಸಭೆ. ನಾ ಬತ್ತೆ.
ನಂಗೊಂದು ಕುರ್ಚಿ ಬೇಕು. ಮುಂದೇ ಬೇಕು.

ಇಳಿದು ಹೋದಳು.
ಕೆಂಪು ದೀಪ ಇನ್ನೂ ಉರಿಯುತ್ತಿತ್ತು,
ಅಷ್ಟೂ ರೇಡಿಯೋ ಕಿವಿಗೊಟ್ಟು ಕೂತಿದ್ದವು.
ಪೆಟ್ಟಿಗೆಯ ತಳದಿಂದ ರಶೀದಿ ಪುಸ್ತಕ ತೆಗೆದೆ.
ಅವಳ ಬಿಸಿಯಿದ್ದ ಕುರ್ಚಿಯಲ್ಲಿ ಕೂತೆ.

ತಾರೀಕು ಓದಿದೆ.
ಭೋಂಗಾ ನಾಲ್ಕು. ಆರುನೂರು, ಪೂರ್ತಿ ಸಂದಿದೆ.
ಸಹಿ: ಪುರ್ಸು ಮಾಣ್ಕೂ ತಾಂಡೇಲ.